ಇಲಿಯ ಮೀಸೆ ಕತ್ತರಿಸಿದ್ದು ಯಾರು?

ಲ್ಯಾಬಿನ ಕ್ಯಾಮೆರಾ ಕೋಣೆಯಿಂದ
ಮಾರ್ಚ್ 9, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? "ಎಲ್ಲ ಆರಾಮ, ಚಿಂತೆ ಮಾಡಬೇಡ" ಎಂದು ನಿನ್ನ ಫೋನಿನಿಂದ ಮೆಸೇಜು ಬರುತ್ತಲೇ ಇದೆ. ಆದರೆ ನನ್ನನ್ನು ಕೋತಿ ಎಂದು ಕರೆಯದೆ ಒಂದು ಮಾತೂ ಆಡಿದವಳಲ್ಲ ನೀನು. ಈ ಮೆಸೇಜುಗಳಲ್ಲಿ ಹುಡುಕಿದರೂ ಒಂದು ಕೋತಿ ಇಲ್ಲ. ಫೋನು ಮಾಡಿದರೆ ಭಾವ ಎತ್ತಿಕೊಂಡು "ಅವಳು ಮಲಗಿದ್ದಾಳೆ" ಅನ್ನುತ್ತಾರೆ. ಹಗಲು ಹೊತ್ತು ನೀನು ಮಲಗಿದ್ದನ್ನು ಹೆತ್ತ ಅಮ್ಮನೂ ಕಂಡಿಲ್ಲ. ಮೊದಲು ಕೆಲಸ ಬಿಟ್ಟೆ, ಆಮೇಲೆ ಗೆಳತಿಯರನ್ನು ಬಿಟ್ಟೆ, ಈಗ ನಮ್ಮ ಮನೆಗೆ ಬರುವುದನ್ನೂ ಬಿಟ್ಟೆ. ಪ್ರತಿ ಸಲವೂ "ಅವರಿಗೆ ನನ್ನ ಮೇಲೆ ಅಷ್ಟು ಕಾಳಜಿ ಕಣೇ" ಅಂದೆ. ನನಗೆ ಅನುಮಾನ ಜಾಸ್ತಿ ಎಂದು ಬೈದುಕೋ, ಪರವಾಗಿಲ್ಲ. ಬೈದರೆ ಬರೆದದ್ದು ನೀನೇ ಅಂತಾದರೂ ಗೊತ್ತಾಗುತ್ತದೆ.

ಇನ್ನು ನನ್ನ ಸುದ್ದಿ. ಇಲಿಯ ಮೀಸೆ ಎಣಿಸುವ ಕೆಲಸ ಎಂದು ನಗುತ್ತಿದ್ದೆಯಲ್ಲ, ಅದೇ ನಡೆದಿದೆ. ಎಣಿಸುವುದಲ್ಲ ತಾಯಿ, ಅದು ಹೇಗೆ ಆಡುತ್ತದೆ ಎಂದು ಅಳೆಯುವುದು. ಕತ್ತಲಲ್ಲಿ ಇಲಿಗೆ ಗೋಡೆ ಯಾವುದು, ದಾರಿ ಯಾವುದು, ಪಕ್ಕದಲ್ಲಿರುವವರು ಯಾರು ಎಂದು ತಿಳಿಸುವುದು ಮೀಸೆಯೇ. ನಮ್ಮ ಕಣ್ಣಿಗೆ ಅದು ಬರೀ ನಡುಕ. ಅದಕ್ಕೇ ಕೆಳಗಿನಿಂದ ಬೆಳಕು ಬಿಟ್ಟು, ಮೇಲಿನಿಂದ ಅತಿ ವೇಗದ ಕ್ಯಾಮೆರಾದಲ್ಲಿ ಹಿಡಿಯುತ್ತೇವೆ. ಒಂದೊಂದು ಮೀಸೆಯೂ ಕಪ್ಪು ಗೆರೆಯಾಗಿ ಕಾಣುತ್ತದೆ. ಹಿಂದೆಲ್ಲ ಒಂದು ಮೀಸೆಗೆ ಬಣ್ಣ ಹಚ್ಚಿ, ಪ್ರತಿಯೊಂದು ಚಿತ್ರದಲ್ಲೂ ಅದರ ಬುಡ, ತುದಿಗಳನ್ನು ಕೈಯಾರೆ ಗುರುತು ಮಾಡಬೇಕಿತ್ತು. ಈಗ ಕೆಲವು ಚಿತ್ರಗಳಲ್ಲಿ ಗುರುತು ಹಾಕಿ ತೋರಿಸಿಕೊಟ್ಟರೆ ಉಳಿದದ್ದನ್ನು ಕಂಪ್ಯೂಟರೇ ಹುಡುಕುತ್ತದೆ. ಅದು ಹೇಳಿದ್ದನ್ನು ಸುಲಭವಾಗಿ ನಂಬದಿರುವುದು ನನ್ನ ಕೆಲಸ. "ಅನುಮಾನ ಪಡೋಕೇ ನಿಂಗೆ ಸಂಬಳ" ಅನ್ನುತ್ತಾರೆ ನಮ್ಮ ಮೇಡಂ.

ಈಚೆಗೆ ಒಂದು ಪಂಜರದ ಇಲಿಯೊಂದರ ಲೆಕ್ಕ ತೀರಾ ನುಣ್ಣಗೆ ಬಂತು. ಎಲ್ಲೂ ಒಂದು ತಡವರಿಕೆ ಇಲ್ಲ. ಜೀವ ಇರುವ ಪ್ರಾಣಿ ಹಾಗೆ ಆಡುವುದುಂಟೇ? ಮೂಲ ಚಿತ್ರ ತೆಗೆದು ನೋಡಿದರೆ ಅಲ್ಲಿ ಮೀಸೆಯೇ ಇಲ್ಲ! ಇರಬೇಕಾದ ಜಾಗವನ್ನು ಊಹಿಸಿಕೊಂಡು, ಚೆನ್ನಾಗಿ ಆಡುತ್ತಿದೆ ಎಂದು ಗೆರೆ ಎಳೆದುಕೊಟ್ಟಿತ್ತು ಕಂಪ್ಯೂಟರು. ಮರುದಿನ ಅದೇ ಪಂಜರದ ಇನ್ನೊಂದು ಇಲಿಯ ಮೀಸೆಯೂ ಮಾಯ, ಕತ್ತರಿ ಆಡಿಸಿದ ಹಾಗೆ. ಪಂಜರ ತೊಳೆಯುವ ಅಣ್ಣನಿಗೂ ಮೇಡಂಗೂ ಅದೇ ವಾರ ರಜೆಯ ವಿಷಯದಲ್ಲಿ ಜಟಾಪಟಿಯಾಗಿತ್ತು. ಇವನೇ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ನಾನು ಅವನ ಬೆನ್ನು ಹತ್ತಿದೆ. ಅವನಿಗೂ ಗೊತ್ತಾಯಿತು. "ಕತ್ತರಿ ಹುಡುಕ್ತಿದ್ದೀರಾ? ನೋಡ್ಕೊಳ್ಳಿ" ಎಂದು ಎಲ್ಲರೆದುರಿಗೆ ಜೇಬು ಹೊರಗೆಳೆದು ತೋರಿಸಿದ. ಒಂದು ಬಾಚಣಿಗೆ, ಸೈಕಲ್ಲಿನ ಕೀಲಿ, ಅಷ್ಟೇ. ನನ್ನ ಮುಖ ಇಷ್ಟು ಚಿಕ್ಕದಾಯಿತು. ಆದರೂ ಬಿಡದೆ ಪಂಜರದ ಮೇಲೇ ಒಂದು ಕ್ಯಾಮೆರಾ ಇಟ್ಟೆ.

ಸಿಕ್ಕಿಬಿದ್ದದ್ದು ಯಾರು ಗೊತ್ತೇ? ಆ ಪಂಜರದಲ್ಲೇ ಇದ್ದ, ಸಾಧು ಎಂದು ನಾವೆಲ್ಲ ಮುದ್ದು ಮಾಡುತ್ತಿದ್ದ ಗುಂಡನೆಯ ಇಲಿ. ಅದರ ಮೀಸೆ ಮಾತ್ರ ಪೂರ್ತಿ ಇದ್ದದ್ದು ನನ್ನ ತಲೆಗೇ ಹೊಳೆದಿರಲಿಲ್ಲ. ಪಕ್ಕದ್ದನ್ನು ಮೆಲ್ಲಗೆ ಒತ್ತಿ ಹಿಡಿದು, ಮುಖ ನೆಕ್ಕುತ್ತಾ ನೆಕ್ಕುತ್ತಾ, ಹಲ್ಲಿನಿಂದ ಒಂದೊಂದೇ ಮೀಸೆ ಕಡಿಯುತ್ತದೆ. ಕಡಿಸಿಕೊಳ್ಳುವುದು ಓಡಿಹೋಗುವುದಿಲ್ಲ ಅಕ್ಕಾ. ಕಣ್ಣು ಮುಚ್ಚಿ ಕುಳಿತಿರುತ್ತದೆ, ಆಮೇಲೆ ತಾನೇ ಹೋಗಿ ಅದಕ್ಕೆ ಒರಗಿ ಮಲಗುತ್ತದೆ. ನೋಡಿದವರು ಎಷ್ಟು ಪ್ರೀತಿ ಎನ್ನಬೇಕು. ಅಳು ತಡೆಯಲಾಗದೆ ಕೋಣೆಯಿಂದ ಎದ್ದು ಬಂದೆ. ಮೇಡಂಗೆ ಇದು ಹೊಸದಲ್ಲವಂತೆ. "ಬೇರೆ ಇಟ್ರೆ ಮತ್ತೆ ಬೆಳೆಯುತ್ತೆ ಬಿಡು" ಅಂದರು. ಬೇರೆ ಇಟ್ಟೆವು, ಬೆಳೆಯುತ್ತಿದೆ. ಅಣ್ಣನ ಕ್ಷಮೆ ಕೇಳಿ ಚಹಾ ಕುಡಿಸಿದೆ. ಮುಖ ಊದಿಸಿಕೊಂಡೇ ಎರಡು ಲೋಟ ಕುಡಿದ.

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಮಾತು ಬಂದರೆ ಮಾತ್ರ ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. "ಗಂಡ ಹೆಂಡತಿ ಮಧ್ಯೆ ನಾವ್ಯಾಕೆ" ಎನ್ನುತ್ತಿದ್ದ ದೊಡ್ಡಪ್ಪನಿಗೆ ಆ ವಿಡಿಯೋ ತೋರಿಸಿದೆ. ಪೂರ್ತಿ ನೋಡಿ, ಕನ್ನಡಕ ಒರೆಸಿಕೊಂಡು, ನಿನ್ನ ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಆರೋಗ್ಯ ನೋಡಿಕೋ. ಭಾವನಿಗೆ ನಮಸ್ಕಾರ. ನಿನಗೆ, ಬೇಡ ಎಂದರೂ, ಕೆನ್ನೆಗೆರಡು ಮುತ್ತು.

ನಿನ್ನ ತಂಗಿ

ತಾ.ಕ.: ಭಾವ, ಇದು ನಿಮಗೆ. ಅಕ್ಕನ ಹೆಸರಿನ ಕಾಗದಗಳನ್ನೆಲ್ಲ ನಿಮ್ಮ ಆಫೀಸಿಗೆ ತರಿಸಿಕೊಂಡು ನೀವೇ ಒಡೆದು ಓದುತ್ತೀರೆಂದು ಗೊತ್ತಿದ್ದೇ ಇದನ್ನು ಕೊರಿಯರ್‌ಗೆ ಹಾಕಿದೆ. ನೀವು ಸಹಿ ಹಾಕಿ ತೆಗೆದುಕೊಂಡ ಕೂಡಲೇ ನನ್ನ ಫೋನಿಗೆ ಮೆಸೇಜು ಬರುತ್ತದೆ. ನೀವು ಆಫೀಸಿನಲ್ಲಿದ್ದೀರಿ, ಅಕ್ಕ ಮನೆಯಲ್ಲಿ ಒಬ್ಬಳೇ ಇದ್ದಾಳೆ ಎಂದು ಆಗ ಖಾತ್ರಿ. ನಾನೂ ದೊಡ್ಡಪ್ಪನೂ ನಿಮ್ಮ ಬೀದಿಯ ತಿರುವಿನಲ್ಲೇ ಇರುತ್ತೇವೆ. ನಮ್ಮ ಜೊತೆ ಬರುವುದು ಬಿಡುವುದು ಅವಳ ಇಷ್ಟ. ಕಾಗದ ಇಷ್ಟು ಉದ್ದವಾದದ್ದಕ್ಕೆ ಬೇಸರ ಬೇಡ. ನೀವು ಓದಿ ಮುಗಿಸುವಷ್ಟು ಹೊತ್ತಾದರೂ ಅವಳೊಡನೆ ಮಾತಾಡಲು ನಮಗೆ ಸಿಗಲಿ ಎಂದು ಬರೆದೆ.