ಕೆಮ್ಮಿಲ್ಲದ ಟೇಪು

ಪುರಸೈವಾಕ್ಕಂ, ಮದ್ರಾಸು
19 ಸೆಪ್ಟೆಂಬರ್ 1964, ಶನಿವಾರ

ಪ್ರೀತಿಯ ಜಲಜತ್ತೆಗೆ,

ರಘುರಾಮನ ನಮಸ್ಕಾರ. ಕಾಗದದಲ್ಲಿ ಮೊದಲು ಕ್ಷೇಮ ವಿಚಾರಿಸಬೇಕು ಅಂತ ರಜೆಯಲ್ಲಿ ಸ್ಲೇಟು ಹಿಡಿಸಿ ಕಲಿಸಿದವರು ನೀವೇ. ನಾವೆಲ್ಲ ಕ್ಷೇಮ. ನೀವು ಪೋರೂರಿಗೆ ಹೋಗಿ ಇಂದಿಗೆ ಹತ್ತೊಂಬತ್ತು ದಿನ. ಕೆರೆಯ ಗಾಳಿ ಒಗ್ಗಿರಬಹುದು, ಮನೆಯೊಡತಿ ಭೀಮಾಬಾಯಿಯವರು ಚೆನ್ನಾಗಿ ನೋಡಿಕೊಳ್ಳುತ್ತಿರಬಹುದು ಎಂದುಕೊಂಡಿದ್ದೇನೆ. ನನ್ನದು ಶಾಲೆಯ ಹಾಸ್ಟೆಲಿನಲ್ಲಿ ಕಲಿತ ಕನ್ನಡ, ಅರ್ಧ ಇಂಗ್ಲಿಷು. ತಪ್ಪಿದ್ದರೆ ಪೆನ್ಸಿಲಿನಲ್ಲಿ ತಿದ್ದಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ವಾಪಸು ಮಾತ್ರ ಕಳಿಸಬೇಡಿ.

ಬುಧವಾರ ನಿಮ್ಮ ಕಾರ್ಡು ಬಂತು. ನಿಮ್ಮ ಕೋಣೆಗೆ ವಾಪಸು ಯಾವಾಗ ಬರಬಹುದು ಎಂದು ಒಂದೇ ಸಾಲು. ಅಪ್ಪಯ್ಯ ಹೋಟೆಲಿನ ಗಲ್ಲಾದಲ್ಲಿ ಕೂತೇ ಓದಿ, ನನ್ನ ಕಡೆ ಚಾಚಿ, "ಅಕ್ಕನಿಗೆ ನೀನೇ ಬರಿ ಮಾಣಿ. ಎಕ್ಸ್-ರೇ ವರದಿ ಬರಲಿ, ಅಲ್ಲಿ ತನಕ ಮಾತೇ ಬೇಡ ಅಂತ ಹೇಳು" ಅಂದರು. ಹೇಳಿದ್ದೇನೆ. ಇಲ್ಲಿಗೆ ಕಾಗದ ಮುಗಿಯಬೇಕಿತ್ತು. ಆದರೆ ಬರೆಯಲು ಕೂತ ಮೇಲೆ ಇನ್ನೊಂದು ಹಾಳೆ ತೆಗೆದುಕೊಂಡೆ. ಬೇರೆ ಯಾರಿಗೂ ಹೇಳುವ ಹಾಗಿಲ್ಲ. ನಿಮಗೇ ಹೇಳುತ್ತೇನೆ.

ನಮ್ಮ ಕಾಲೇಜಿನ ಮ್ಯೂಸಿಕ್ ತಂಡದ ವಿಷಯ ನಿಮಗೆ ಗೊತ್ತು. ಫಸ್ಟ್ ಇಯರಿನವರನ್ನು ಅವರು ಎದುರು ಕೂರಿಸಿ ಕೇಳುವುದಿಲ್ಲ, ಬಾರಿಸಿದ್ದರ ಟೇಪು ತಂದು ಕೊಡಬೇಕು. ಬೆಳಗ್ಗೆ ಗಿರಾಕಿಗಳಿಗೆ ದೇವರನಾಮ ಹಾಕಲು ಅಪ್ಪಯ್ಯ ತರಿಸಿದ ರೆಕಾರ್ಡರ್ ಮಧ್ಯಾಹ್ನ ಸುಮ್ಮನೆ ಕೂತಿರುತ್ತದೆ ತಾನೇ? ಅದನ್ನು ಮಹಡಿಯ ಮೇಲಿನ ನನ್ನ ಕೋಣೆಗೆ ಹೊತ್ತು ತಂದೆ. ಮೊದಲ ಸಲ ಕೇಳಿದಾಗ ಗಿಟಾರಿಗಿಂತ ಫ್ಯಾನೇ ಜೋರಾಗಿತ್ತು. ಫ್ಯಾನು ಆರಿಸಿದೆ. ಮೇಜಿನ ಗುಂಯ್ ಅನ್ನುವ ಸದ್ದು ಸೇರುತ್ತಿತ್ತು, ಮೈಕಿನ ಕೆಳಗೆ ಕಂಬಳಿ ಮಡಿಸಿ ಇಟ್ಟೆ. ಮೈಕನ್ನು ರೆಕಾರ್ಡರಿನಿಂದ ದೂರ ಸರಿಸಿ, ಗಿಟಾರಿನ ತೂತಿಗೆ ನೇರವಾಗಿ ಹಿಡಿಯದೆ ಒಂದು ಮೊಳ ಈಚೆ ಇಟ್ಟ ಮೇಲೆ ಒಂದೊಂದು ತಂತಿಯೂ ಬೇರೆ ಬೇರೆ ಕೇಳತೊಡಗಿತು. ಬೆರಳು ಜಾರುವಾಗಿನ ಕೀಚು ಸದ್ದಿಗೆ ಅಮ್ಮನ ಪೌಡರು. ಎಲ್ಲದಕ್ಕೂ ಒಂದೊಂದು ಉಪಾಯ ಸಿಕ್ಕಿತು ಅತ್ತೆ, ನಿಮ್ಮ ಕೆಮ್ಮಿಗೆ ಸಿಗಲಿಲ್ಲ.

ಹೋಟೆಲು ಮೌನವಾಗಿರುವುದು ಎರಡರಿಂದ ಮೂರರವರೆಗೆ ಮಾತ್ರ. ಒಲೆ ಖಾಲಿ ಇರುವುದೂ ಆಗಲೇ ಅಂತ ವಿಷ್ಣುಮೂರ್ತಿ ಭಟ್ಟರು ಸಾಂಬಾರು ಪುಡಿಗೆ ಮೆಣಸು ಹುರಿಯಲು ನಿಲ್ಲುತ್ತಾರೆ. ಘಾಟು ಮೆಟ್ಟಿಲು ಹತ್ತಿ ನೇರ ನಿಮ್ಮ ಕೋಣೆಗೆ ಬರುತ್ತದೆ. ನಿಮ್ಮ ಕೋಣೆಗೂ ನನ್ನ ಕೋಣೆಗೂ ನಡುವೆ ಹಲಗೆಯ ಗೋಡೆ. ನಾನು ಭಟ್ಟರ ಹತ್ತಿರ ಹೋಗಿ, ಒಂದು ವಾರ ಹೊತ್ತು ಬದಲಾಯಿಸಿ ಅಂತ ಕೇಳಿದೆ. "ನೀನ್ ತಂತಿ ಬಾರ್ಸುಕೆ ನಾನ್ ಒಲೆ ಆರ್ಸುದಾ? ಹೋಗ್ ಹೋಗ್" ಅಂತ ಸಟ್ಟುಗ ತೋರಿಸಿದರು. ಅಪ್ಪಯ್ಯನಂತೂ ಅಡುಗೆಮನೆಯ ಹೊತ್ತಿನ ವಿಷಯ ಎತ್ತಬೇಡ ಅಂದುಬಿಟ್ಟರು. ಕೊನೆಗೆ ನಿಮಗೇ ಹೇಳಿದೆ. ನೀವು ಸೆರಗಿನ ತುದಿ ಬಾಯಿಗೆ ತುರುಕಿಕೊಂಡು, "ಬಾರ್ಸು ಮಾಣಿ, ನಾನ್ ಉಸ್ರೇ ಬಿಡುದಿಲ್ಲ" ಅಂದಿರಿ. ನಾಲ್ಕು ನಿಮಿಷದ ತುಣುಕಿಗೆ ಮೂರೂ ಮುಕ್ಕಾಲು ನಿಮಿಷ ಉಸಿರು ಬಿಗಿಹಿಡಿದವರ ಹಾಗೆ ಕೂತಿದ್ದಿರಿ. ಆಮೇಲೆ ತಡೆಯಲಿಲ್ಲ.

ಹೊತ್ತು ಮೀರಿತ್ತು, ಅದೇ ಟೇಪನ್ನು ಕೊಟ್ಟೆ. ತಂಡದ ಲೀಡರ್ ತಿರುಮಲ ಥರ್ಡ್ ಇಯರಿನವನು. ಅವರ ಮನೆಯವರು ಅಜ್ಜನ ಕಾಲದಿಂದ ಮದ್ರಾಸಿನವರು, ಅವನ ಕನ್ನಡಕ್ಕೆ ತಮಿಳೇ ಒಗ್ಗರಣೆ. ಎಲ್ಲರ ಎದುರು ಟೇಪು ಹಾಕಿಸಿದ. ಕೊನೆಯಲ್ಲಿ ನಿಮ್ಮ ಕೆಮ್ಮು ಬಂದದ್ದೇ, "ಏನ್‌ಡಾ ಹೋಟೆಲು, ಗಿಟಾರ್‌ಗೆ ಮೃದಂಗ ಯಾರು? ಉನ್ ಪಾಟ್ಟಿಯಾ?" ಅಂದ. ಮೇಜು ಬಡಿದು ನಕ್ಕರು. ಇನ್ನೊಬ್ಬ, "ತಿರುಗಿಸಿ ಹಾಕಪ್ಪಾ, ಅಜ್ಜಿ ಸಮಕ್ಕೆ ಬೀಳ್ತಾಳಾ ನೋಡೋಣ" ಅಂದ. ನಾಲ್ಕು ಸಲ ಹಾಕಿದರು. ನಾನೂ ನಕ್ಕೆ. ಅದು ನಮ್ಮಲ್ಲಿ ಪಾತ್ರೆ ತಿಕ್ಕುವವಳು ಅಂದೆ. ಇದನ್ನು ಬರೆಯಬಾರದಿತ್ತು. ಹೊಡೆದು ಹಾಕಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ ಅಂತ ಬಿಟ್ಟಿದ್ದೇನೆ. "ಹದಿನೈದು ದಿನ ಟೈಮು. ಕ್ಲೀನ್ ಟೇಪ್ ತಾ, ಇಲ್ಲಾಂದ್ರೆ ಹೋಗಿ ಇಡ್ಲಿ ಬೇಯಿಸು" ಅಂದ ತಿರುಮಲ.

ಅಪ್ಪಯ್ಯ ಅಕಸ್ಮಾತ್ ನನ್ನ ಟೇಪು ಕೇಳಿ ಗಾಬರಿಯಾದರು ಅಂತ ಅಮ್ಮ ನಿಮಗೆ ಹೇಳಿರಬಹುದು. ಅಕಸ್ಮಾತ್ ಅಲ್ಲ, ನಾನೇ ಮೇಲೆ ಕರೆದೆ.

ಅದಕ್ಕಿಂತ ಮೊದಲು ಇನ್ನೊಂದಿದೆ. ಆ ದಿನ ಮಧ್ಯಾಹ್ನ ನಾನು ಗಿಟಾರು ಮುಟ್ಟಿರಲೇ ಇಲ್ಲ. ಮೈಕನ್ನು ಹಲಗೆಯ ಸಂದಿಗೆ ಹಿಡಿದು, ಕೆಳಗೆ ಕಂಬಳಿ ಇಟ್ಟು, ಫ್ಯಾನು ಆರಿಸಿ, ನಿಮ್ಮ ಕೆಮ್ಮನ್ನು ಮಾತ್ರ ತೆಗೆದುಕೊಂಡೆ. ರೆಕಾರ್ಡರಿಗೆ ಎರಡು ಸ್ಪೀಡು. ಜೋರು ಸ್ಪೀಡಿನಲ್ಲಿ ತೆಗೆದದ್ದನ್ನು ಮೆಲ್ಲ ಸ್ಪೀಡಿನಲ್ಲಿ ಹಾಕಿದರೆ ಸದ್ದು ದಪ್ಪವಾಗಿ, ಬಾವಿಯ ತಳದಿಂದ ಎಳೆದು ತಂದ ಹಾಗೆ ಬರುತ್ತದೆ. ಮಧ್ಯೆ ಎದೆಯೊಳಗೆ ನೀರು ಕುದಿಯುವ ಹಾಗೊಂದು ಗೊರಗೊರ. ಸತ್ಯ ಹೇಳಬೇಕೆಂದರೆ ಅತ್ತೆ, ನಾನು ಇದುವರೆಗೆ ಮಾಡಿದ ರೆಕಾರ್ಡಿಂಗುಗಳಲ್ಲಿ ಅದೇ ಬೆಸ್ಟು.

ಅಪ್ಪಯ್ಯ ನಿಂತೇ ಕೇಳಿದರು. "ಕ್ಷಯವಾ?" ಅಂದರು. ನಾನು ಹೌದು ಅನ್ನಲಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಹೀಗೇ ಕೆಮ್ಮುತ್ತಿದ್ದ, ಮನೆಗೆ ಕಳಿಸಿಬಿಟ್ಟರು ಅಂದೆ. ಅದು ಸುಳ್ಳಲ್ಲ. ಅವನಿಗೆ ಆಗಿದ್ದದ್ದು ನಾಯಿಕೆಮ್ಮು ಅನ್ನುವುದನ್ನು ಮಾತ್ರ ಹೇಳಲಿಲ್ಲ. "ಹೋಟ್ಲಿನ ಮಹಡಿ ಮೇಲೆ ಕ್ಷಯ ಅಂತ ಒಬ್ಬನ ಕಿವಿಗೆ ಬಿದ್ರೆ ಸಾಕು, ನಾಳೆಯಿಂದ ಇಡ್ಲಿ ನಾವೇ ತಿನ್ಕಂತ ಕೂತ್ಕಣ್ಕ್" ಅಂತ ಅಪ್ಪಯ್ಯ ಬೆವರು ಒರೆಸಿಕೊಂಡರು. ಮೆಣಸಿನ ಘಾಟು ಅಂತ ನೀವು ಎಷ್ಟು ಸಲ ಹೇಳಿದಿರಿ! ನಿಮ್ಮ ಮಾತಿಗಿಂತ ಟೇಪಿನ ಮಾತು ಅವರಿಗೆ ಗಟ್ಟಿಯಾಗಿ ಕೇಳಿಸಿತು. ನಾಲ್ಕು ಗಂಟೆಗೆ ಟ್ಯಾಕ್ಸಿ ಬಂತು. ಮುಂದೆ ತಿಂಡಿಯ ಗಿರಾಕಿಗಳು ಇದ್ದರೆಂದು ನಿಮ್ಮನ್ನು ಪಾತ್ರೆ ತೊಳೆಯುವ ಕಡೆಯಿಂದ ಹೊರಡಿಸಿದರು. ಹೋಟೆಲು ಶುರುವಾದ ದಿನದಿಂದ ಇದ್ದವರು ನೀವು. ದಾರಿಯಲ್ಲಿ ಎಕ್ಸ್-ರೇಗೆ ನಿಲ್ಲಿಸುತ್ತಾರಂತೆ, ಜಾಕೀಟಿನ ಗುಂಡಿ ಸಡಿಲವಾಗಿದೆ, ಏನು ಮಾಡುವುದು ಅಂತ ಅಮ್ಮನನ್ನು ಕೇಳುತ್ತಿದ್ದಿರಿ. ನಾನು ಮಹಡಿಯಿಂದ ಇಳಿಯಲಿಲ್ಲ.

ನಿಮ್ಮ ಚಾಪೆ, ತಟ್ಟೆ, ಲೋಟ ಎಲ್ಲ ಆ ಸಂಜೆಯೇ ಹೋದವು. ಹಾಸಿಗೆಯನ್ನು ತಾರಸಿಯಲ್ಲಿ ಸುಡಿಸಿದರು. ಕೌದಿ ಒಂದನ್ನು ನಾನು ಎಳೆದು ಇಟ್ಟುಕೊಂಡೆ. ಹಳೆಯ ಹತ್ತಿ ಸೀರೆಗಳ ಏಳೆಂಟು ಪದರ, ಗೋಡೆಗೆ ಬಿಗಿದರೆ ಸದ್ದು ಒಂದಿಷ್ಟೂ ತಿರುಗಿ ಬರುವುದಿಲ್ಲ. ಮೊಳೆ ಹೊಡೆಯುತ್ತಿರುವಾಗ ಅಮ್ಮ ಬಂದಳು. "ಅದು ಅತ್ತಿಗೆ ಹೊದ್ದದ್ದಲ್ದಾ? ನಿಂಗೆ ಹೆದ್ರಿಕೆ ಇಲ್ಯಾ?" ಅಂದಳು. ಬಾಯಲ್ಲಿದ್ದ ಮೊಳೆ ತೆಗೆದು ಇನ್ನೊಂದು ಹೊಡೆದೆ. ಅಮ್ಮ ನನ್ನನ್ನೇ ನೋಡಿದಳು. ಅವಳಿಗೆ ಅರ್ಥವಾಯಿತು ಅಂತ ನನಗೆ ಅರ್ಥವಾಯಿತು. ಮರುದಿನ ಅವಳೇ ಇನ್ನೆರಡು ಕಂಬಳಿ ತಂದಿಟ್ಟು ಹೋದಳು. ನಿಮ್ಮ ಮಾತು ಮತ್ತೆ ಎತ್ತಿಲ್ಲ.

ಈಗ ರೆಕಾರ್ಡಿಂಗು ನಿಮ್ಮ ಕೋಣೆಯಲ್ಲೇ. ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿದರೆ ಘಾಟು ಒಳಗೆ ಬರುವುದೇ ಇಲ್ಲ. ಮೊದಲೇ ಹೊಳೆಯಬೇಕಿತ್ತು.

ಹೊಸ ಟೇಪನ್ನು ತಿರುಮಲ ಕಣ್ಣು ಮುಚ್ಚಿ ಕೇಳಿದ. ಯಾರೂ ನಗಲಿಲ್ಲ. "ಸೌಂಡು ಪ್ರಮಾದಂ, ಫಸ್ಟ್ ಕ್ಲಾಸ್! ನೀ ಬಾರಿಸೋ ವಾಸಿಪ್ಪು ಮಾತ್ರ ಸುಮಾರ್. ನೀನು ಗಿಟಾರ್ ಬಿಡಪ್ಪಾ, ನಮ್ಮನ್ನ ರೆಕಾರ್ಡ್ ಮಾಡು" ಅಂದ. ನಿಮಗೆ ತಮಾಷೆ ಅನ್ನಿಸಬಹುದು. ನಾನು ಎರಡು ದಿನ ಅತ್ತುಬಿಟ್ಟೆ. ಆದರೆ ಈಗ ಅವರು ನನ್ನನ್ನು ಹೋಟೆಲು ಅನ್ನುವುದಿಲ್ಲ, ರಘು ಅನ್ನುತ್ತಾರೆ. ಕ್ಯಾಂಟೀನಿನಲ್ಲಿ ಪಕ್ಕ ಜಾಗ ಬಿಡುತ್ತಾರೆ. ಮುಂದಿನ ಶನಿವಾರದಿಂದ ಇಡೀ ತಂಡ ನಮ್ಮ ಮನೆಗೆ ಬರುತ್ತದೆ. ಕೋಣೆ ಯಾವಾಗಲೂ ಖಾಲಿಯೇ ಇರುತ್ತದೆ ಅಂತ ಮಾತು ಕೊಟ್ಟಿದ್ದೇನೆ.

ಅದಕ್ಕೆ ನಿಮ್ಮಿಂದ ಒಂದು ಉಪಕಾರ ಆಗಬೇಕು. ಪೋರೂರಿನ ಗಾಳಿ ನನಗೆ ಹಿತವಾಗಿದೆ, ಭೀಮಾಬಾಯಿಯವರ ಜೊತೆ ಒಗ್ಗಿಹೋಗಿದೆ, ವರದಿ ಏನೇ ಬರಲಿ ನಾನು ಇಲ್ಲೇ ಇರುತ್ತೇನೆ ಅಂತ ಅಪ್ಪಯ್ಯನಿಗೆ ನೀವಾಗಿ ಬರೆಯಬೇಕು. ನಿಮಗೆ ತೊಂದರೆ ಬೇಡ ಅಂತ ಕಾರ್ಡಿನಲ್ಲಿ ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ, ಆದಷ್ಟು ನಿಮ್ಮ ಅಕ್ಷರದ ಹಾಗೇ. ಸಹಿ ಮಾತ್ರ ಬಾಕಿ. ಪ್ಲೀಸ್ ಅತ್ತೆ, ಶನಿವಾರದೊಳಗೆ.

ನಿಮ್ಮ ಮಾಣಿ,
ರಘುರಾಮ

ತಾ.ಕ.: ನೀವು ಅಲ್ಲಿ ಹೆದರಿಕೊಂಡು ಕೂತಿರಬಾರದು ಅಂತ ಇದನ್ನೂ ಬರೆಯುತ್ತಿದ್ದೇನೆ. ಎಕ್ಸ್-ರೇ ವರದಿ ಕಳೆದ ಸೋಮವಾರವೇ ಬಂತು, ಪೋಸ್ಟ್‌ಮ್ಯಾನ್ ನನ್ನ ಕೈಗೇ ಕೊಟ್ಟ. ನಿಮ್ಮ ಎದೆಯಲ್ಲಿ ಏನೂ ಇಲ್ಲ, ಎರಡೂ ಕಡೆ ಕ್ಲಿಯರ್. ಅಪ್ಪಯ್ಯನಿಗೆ ಇನ್ನೂ ತೋರಿಸಿಲ್ಲ, ನಿಮ್ಮ ಸಹಿಯ ಕಾರ್ಡು ಬಂದ ಮೇಲೆ ತೋರಿಸುತ್ತೇನೆ. ನೀವು ಅವರಿಗೆ ಹೇಳುವುದಿಲ್ಲ ಅಂತ ಗೊತ್ತು. ಚಿಕ್ಕಂದಿನಿಂದ ನನ್ನ ಮೇಲೆ ಒಂದು ದೂರೂ ಹೇಳಿದವರಲ್ಲ ನೀವು.