ಟೆಟ್ರಾಗಳ ಗಣತಿಯ ಕುರಿತು

ತೀರ್ಥರೂಪರೂ ಸಮಸ್ತ ಮತ್ಸ್ಯಕುಲದ ಒಡೆಯರೂ ಆದ ಅಪ್ಪನವರಿಗೆ, ಹಾಸ್ಟೆಲಿನ ಮೂರನೇ ಮಹಡಿಯಿಂದ ಮಗಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ತಾವು ದಯಮಾಡಿ ಕನ್ನಡಕ ಹಾಕಿಕೊಂಡು ನಮ್ಮ ಅಕ್ವೇರಿಯಂ ಮುಂದೆ ಕುಳಿತು, ಅದರಲ್ಲಿರುವ ಪುಟಾಣಿ ನಿಯಾನ್ ಟೆಟ್ರಾ ಮೀನುಗಳನ್ನು ಎಣಿಸಬೇಕು. ನಾನು ಹೊರಟ ದಿನ ಏಳಿದ್ದವು.

ಹನ್ನೆರಡರಲ್ಲಿ ಐದು ಮಾಯವಾದಾಗ ತಾವು, "ಇದೂ ನಿನ್ನದೇ ಕಿತಾಪತಿ ತಾನೆ?" ಅಂದಿರಿ. ಹಿಂದೊಮ್ಮೆ ಪ್ಲಾಸ್ಟಿಕ್ ಮೀನು ಬಿಟ್ಟು, ತಮ್ಮ ಕೈಯಿಂದ ಅದಕ್ಕೆ ವಾರವಿಡೀ ಊಟ ಹಾಕಿಸಿದ ಮಹಾಪಾಪಿ ನಾನೇ, ಒಪ್ಪುತ್ತೇನೆ. ಆದರೆ ಟೆಟ್ರಾಗಳನ್ನು ನಾನು ಮುಟ್ಟಿಲ್ಲ. ತಾವು ಮದುವೆಯಾಗಿ ಚಿಕ್ಕಮ್ಮನನ್ನು ಕರೆತಂದ ದಿನ ಅವರ ಜೊತೆ ಬಂದ ಪುಟ್ಟ ಏಂಜಲ್ ಮೀನು ಈಗ ಅಂಗೈಯಷ್ಟಾಗಿದೆ. ಬಾಯೊಳಗೆ ಹಿಡಿಯುವಷ್ಟು ಚಿಕ್ಕ ಮೀನು ಸಿಕ್ಕರೆ ಅದು ನುಂಗುತ್ತದೆ. ಅದರ ತಪ್ಪೇನೂ ಇಲ್ಲ.

ಇದನ್ನೇ ಹೇಳಿದ್ದಕ್ಕೆ, "ಅವಳು ತಂದದ್ದು ಅಂತ ನಿಂಗೆ ಹೊಟ್ಟೆಕಿಚ್ಚು ಕಣೇ" ಅಂದು ಮರುವಾರವೇ ನನ್ನ ಪೆಟ್ಟಿಗೆ ಕಟ್ಟಿಸಿದಿರಿ.

ಈಗಲೂ ಏಳಿದ್ದರೆ ನಾನೇ ಕಳ್ಳಿ, ಹಾಸ್ಟೆಲ್ ವಾಸ ಮುಂದುವರಿಯಲಿ. ಕಡಿಮೆಯಾಗಿದ್ದರೆ ಏಂಜಲ್‌ಗೆ ಬೇರೆ ತೊಟ್ಟಿ ಮಾಡಿ, ನನ್ನನ್ನು ಮನೆಗೆ ಕರೆಸಿಕೊಳ್ಳಿ.

ಹೊಂದಿಕೆಯಾಗದಿದ್ದರೆ ಹೊಸ ಮೀನನ್ನು ಬೇರೆ ಇಡಬೇಕು ಅಂತ ಅಂಗಡಿಯವರು ನಮ್ಮಿಬ್ಬರ ಎದುರೇ ಹೇಳಿದ್ದರು. ನೀನು ಹಳೇದನ್ನು ಹೊರಗೆ ಹಾಕಿದೆ, ಅಪ್ಪ.

ಉತ್ತರದಲ್ಲಿ ಸಂಖ್ಯೆ ಮಾತ್ರ ಬರೆದರೆ ಸಾಕು.

ಇಂತಿ,
ನಿನ್ನ ಕಿತಾಪತಿ