ಮೂಟೆ ತೂಗುವ ತಕ್ಕಡಿ ಮೇಲೆ ಅತ್ತೆ

ಬಸವನಗುಡಿ, ಭಾನುವಾರ

ಅಪ್ಪಾ,

ಮೋಟಾರು ದೋಣಿ ಹಗ್ಗ ಕಟ್ಟಿ ಎಳೆಯುತ್ತದಂತೆ, ಹಲಗೆ ಮೇಲೆ ನಿಂತವರು ನೀರಲ್ಲಿ ಜಾರುತ್ತಾ ಹೋಗುತ್ತಾರಂತೆ. ಅತ್ತೆಯ ಮಗ ಗೌರೀಶನಿಗೆ ಈಗ ಆ ಹುಚ್ಚು. ಹಲಗೆಯನ್ನು ಎತ್ತರ ನೋಡಿ ಅಲ್ಲ, ಮೈತೂಕ ನೋಡಿ ಆರಿಸಬೇಕಂತೆ. ಅದಕ್ಕೇ ಮಾವ ನಮ್ಮನ್ನೆಲ್ಲ ತರಗುಪೇಟೆಯ ತಮ್ಮ ಮಂಡಿಗೆ ಕರೆದೊಯ್ದು, ಬೇಳೆ ಮೂಟೆ ತೂಗುವ ತಕ್ಕಡಿ ಮೇಲೆ ಅವನನ್ನು ನಿಲ್ಲಿಸಿದರು.

"ಒಂದೇ ಹಲಗೇಲಿ ಮನೆಯವರೆಲ್ಲ ಆಡೋದಾದ್ರೆ?" ಅಂದರು ಅತ್ತೆ.

"ಎಲ್ಲರಿಗಿಂತ ಜಾಸ್ತಿ ತೂಕ ಇರೋರಿಗೆ ಸರಿಹೋಗೋದು ತಗೋಬೇಕಮ್ಮ," ಅಂದ ಗೌರೀಶ.

ಅತ್ತೆ ಚಪ್ಪಲಿ ಬಿಟ್ಟು, ತಕ್ಕಡಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿ ನಿಂತರು. "ಹಾಗಾದ್ರೆ ನನ್ನ ತೂಕಕ್ಕೇ ತರಿಸು."

ನನ್ನ ಕೆಮ್ಮು ವಾಸಿಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು, ಒಂದೇ ಪ್ರಶ್ನೆ: ನಿನ್ನ ಅಕ್ಕನಿಗೆ ನೀರೆಂದರೆ ಭಯ ಅಂತ ನಿನಗೆ ಹೇಳಿದ್ದು ಯಾರು?

ಯಶಶ್ರೀ